ಓಡಿಹೋಗೋಕೊಂದು ಜಾಗ

ಇದ್ದ ಮನೆ ಮಾರಿ, ನಲವತ್ತಡಿ ಉದ್ದದ ಹಾಯಿದೋಣಿ ಕೊಂಡು, ಎರಡು ಸಣ್ಣ ಮಕ್ಕಳನ್ನ ಹತ್ತಿಸಿಕೊಂಡು ಸಮುದ್ರಕ್ಕೆ ಹೊರಟುಬಿಡುವ ಅಪ್ಪ ಅಮ್ಮನಿಗೆ ಹಾಗೆ ಮಾಡುವ ಹಕ್ಕು ಇದೆಯಾ? ದೊಡ್ಡವರು ತಮ್ಮ ಜೀವದ ಜೊತೆ ಏನು ಬೇಕಾದರೂ ಆಟ ಆಡಿಕೊಳ್ಳಲಿ, ಅದು ಅವರ ಪಾಡು. ಆದರೆ ಐದು ವರ್ಷದ ಮಗು "ನಾನೂ ಬರ್ತೀನಿ" ಅಂದರೆ ಅದನ್ನ ಒಪ್ಪಿಗೆ ಅಂತ ಲೆಕ್ಕಕ್ಕೆ ಹಿಡಿಯೋಕಾಗುತ್ತಾ? ಆ ವಯಸ್ಸಿನಲ್ಲಿ ಅಪ್ಪ ಚಂದ್ರಲೋಕಕ್ಕೆ ಹೊರಟರೂ ಮಗು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತೆ.

ಸಿರಿಗೆರೆ ಸೀಮೆಯವನಿಗೆ ಸಮುದ್ರದ ಉಸಾಬರಿ ಯಾಕಪ್ಪ ಅಂತ ನೀವು ಕೇಳಬಹುದು. ಕೇಳೋದು ನ್ಯಾಯವೇ. ನಮ್ಮ ಜಿಲ್ಲೆಯಲ್ಲಿ ನೀರು ಅಂದರೆ ಬೋರ್‌ವೆಲ್, ಎಷ್ಟು ಅಡಿಗೆ ಬಿತ್ತು ಅನ್ನೋದೇ ಮಾತು. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಜನ ಜಾತ್ರೆಗೆ ಹೋದಂಗೆ ಹೋಗಿ ಬಂದರು. ನೀರು ಹರಿಯೋದನ್ನ ನೋಡೋಕೆ ಬುತ್ತಿ ಕಟ್ಟಿಕೊಂಡು ಹೋಗುವ ಜನ ನಾವು.

ಆದರೂ ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ಬೆಂಗಳೂರಿನಲ್ಲಿ, ಆಫೀಸಿನ ಊಟದ ಟೇಬಲ್ಲಿನಲ್ಲಿ. ಕೋವಿಡ್ ಬಂದು ಮನೆಯಿಂದಲೇ ಕೆಲಸ ಅಂತಾದ ಮೇಲೆ "ಆ ಮನೆ ಎಲ್ಲಿದ್ದರೇನು" ಅನ್ನುವ ಆಲೋಚನೆ ನಮ್ಮ ಜಾತಿಯವರಲ್ಲಿ (ಸಾಫ್ಟ್‌ವೇರ್ ಜಾತಿ ಅಂತ ಓದಿಕೊಳ್ಳಿ) ಜೋರಾಗಿ ಶುರುವಾಯಿತು. ಯೂಟ್ಯೂಬಿನಲ್ಲಿ ದೋಣಿ ಮೇಲೆ ಸಂಸಾರ ಮಾಡುವವರ ವಿಡಿಯೋಗಳು ಲೆಕ್ಕವಿಲ್ಲದಷ್ಟು. ನಮ್ಮ ದೇಶದ ನೌಕಾಪಡೆಯಿಂದ ನಿವೃತ್ತರಾದ ಅಧಿಕಾರಿಯೊಬ್ಬರೂ ಹೆಂಡತಿ, ಮಗಳ ಜೊತೆ ಹೀಗೆ ಹೊರಟಿದ್ದಾರೆ. ವಿಡಿಯೋಗಳಲ್ಲಿ ಮಗು ಬೆಳಗ್ಗೆ ಪುಟ್ಟ ಮೇಜಿನ ಮೇಲೆ ಗಣಿತ ಮಾಡುತ್ತೆ, ಮಧ್ಯಾಹ್ನ ಡಾಲ್ಫಿನ್ ನೋಡುತ್ತೆ, ರಾತ್ರಿ ಅಪ್ಪನ ತೊಡೆ ಮೇಲೆ ಕೂತು ನಕ್ಷತ್ರ ಗುರುತು ಹಿಡಿಯುತ್ತೆ. ನೋಡಿದವರೆಲ್ಲ ಅನ್ನೋದು ಒಂದೇ ಮಾತು: ಇದಪ್ಪಾ ಶಿಕ್ಷಣ ಅಂದ್ರೆ, ನಮ್ಮ ಮಕ್ಕಳನ್ನ ವರ್ಷಕ್ಕೆ ಎರಡು ಲಕ್ಷ ಕೊಟ್ಟು ವ್ಯಾನಿಗೆ ತುಂಬಿ ಕಳಿಸ್ತೀವಲ್ಲ, ಅದಾ ಶಿಕ್ಷಣ?

ಅವರು ಹಾಗೆ ಅಂದಾಗಲೆಲ್ಲ ನನಗೆ ನೆನಪಾಗೋದು ಸುಗ್ಗಿ ಮುಗಿದ ಮೇಲೆ ನಮ್ಮ ಹೊಲಗಳಿಗೆ ಬರುವ ಕುರಿಯವರು.

ರಾಗಿ, ಮೆಕ್ಕೆಜೋಳ ಕೊಯ್ದು ಹೊಲ ಖಾಲಿಯಾಗುತ್ತಲೂ ಹಿರಿಯೂರು, ಚಳ್ಳಕೆರೆ ಕಡೆಯಿಂದ ಕುರುಬರು, ಗೊಲ್ಲರು ಮಂದೆ ಹೊಡೆದುಕೊಂಡು ಪಡುವಲಕ್ಕೆ ಹೊರಡುತ್ತಾರೆ. ಇನ್ನೂ ದೂರದ ಉತ್ತರದ ಜಿಲ್ಲೆಗಳಿಂದ ಕುದುರೆ ಮೇಲೆ ಸಾಮಾನು ಹೇರಿಕೊಂಡು ಬರುವವರೂ ಇದ್ದಾರೆ. ದಾರಿಯಲ್ಲಿ ರೈತರ ಹೊಲದಲ್ಲಿ ಎರಡು ರಾತ್ರಿ, ಮೂರು ರಾತ್ರಿ ಕುರಿ ತರುಬುತ್ತಾರೆ. ಹೊಲಕ್ಕೆ ಗೊಬ್ಬರ, ಅವರಿಗೆ ಕಾಳೋ ಕಾಸೋ. ಹಾಗೇ ಭದ್ರಾ ಅಚ್ಚುಕಟ್ಟಿನ ಗದ್ದೆ ಬಯಲಿನವರೆಗೆ ಹೋಗಿ, ಮಲೆನಾಡಿನ ಮಳೆ ಹಿಡಿಯುವುದರೊಳಗೆ ವಾಪಸ್ಸು. ನೆಲ ಜೌಗಾದರೆ ಕುರಿಯ ಗೊರಸು ಕೊಳೆಯುತ್ತೆ, ಹಾಗಾಗಿ ಅವರ ಕ್ಯಾಲೆಂಡರು ಮಳೆಯ ಕ್ಯಾಲೆಂಡರು. ದೋಣಿಯವರು ಚಂಡಮಾರುತದ ತಿಂಗಳು ತಪ್ಪಿಸಿಕೊಂಡು ದಾರಿ ಹಾಕಿಕೊಳ್ತಾರಲ್ಲ, ಅದೇ ಲೆಕ್ಕ.

ಅವರ ಜೊತೆ ಮಕ್ಕಳೂ ಇರುತ್ತವೆ. ಹೆತ್ತವರ ಜೊತೆ ದಿನದ ಇಪ್ಪತ್ನಾಲ್ಕು ಗಂಟೆ. ಪ್ರತಿ ವಾರ ಹೊಸ ಊರು. ಕೆಲಸ ನೋಡುತ್ತಾ ನೋಡುತ್ತಾ ಕಲಿಯೋದು. ಆಫೀಸಿನಲ್ಲಿ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುವ ಜೀವನದ ಎಲ್ಲ ಐಟಮ್ಮೂ ಇಲ್ಲಿದೆ, ಡಾಲ್ಫಿನ್ ಒಂದು ಬಿಟ್ಟು. ಆದರೆ ಯಾರೂ ಇದಪ್ಪಾ ಶಿಕ್ಷಣ ಅನ್ನೋದಿಲ್ಲ. ಇವರಿಗೆ ಸರ್ಕಾರಿ ಹೆಸರೇ ಬೇರೆ: ಶಾಲೆಯಿಂದ ಹೊರಗುಳಿದ ಮಕ್ಕಳು.

ಇದಕ್ಕೆ ಥಟ್ಟನೆ ಬರುವ ಉತ್ತರ ಒಂದಿದೆ. ದುಡ್ಡಿದ್ದವನು ಅಲೆದರೆ ಸಾಹಸ, ಇಲ್ಲದವನು ಅಲೆದರೆ ಅಲೆಮಾರಿ. ಇಷ್ಟು ಬರೆದು ನಿಲ್ಲಿಸಿದರೆ ಲೈಕು ಚೆನ್ನಾಗಿ ಬರುತ್ತವೆ. ಅದು ಸುಳ್ಳಂತೂ ಅಲ್ಲ. ಆದರೆ ಆ ಉತ್ತರ ದೊಡ್ಡವರಿಬ್ಬರನ್ನ ಅಕ್ಕಪಕ್ಕ ನಿಲ್ಲಿಸಿ ಹೋಲಿಸುತ್ತೆ, ಮಗುವಿನ ಕಡೆ ತಿರುಗಿಯೂ ನೋಡೋದಿಲ್ಲ. ನನ್ನ ಪ್ರಶ್ನೆ ಇದ್ದದ್ದು ಮಗುವಿನದು.

ದೋಣಿಯ ಕಥೆಗಳಲ್ಲಿ ನನಗೆ ಮೊದಲು ಹತ್ತಿರವಾದದ್ದು ಒಬ್ಬ ರೈತನದು. ಡೂಗಲ್ ರಾಬರ್ಟ್‌ಸನ್ ಅಂತ, ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನಲ್ಲಿ ಹಸು ಸಾಕಿಕೊಂಡು ಹಾಲು ಹಾಕುತ್ತಿದ್ದವನು. ಹಳೇ ಹಡಗಿನ ಅನುಭವ ಇತ್ತು. 1971ರಲ್ಲಿ ಹೊಲ ಮನೆ ಮಾರಿ, 'ಲೂಸೆಟ್' ಅನ್ನುವ ಹಳೆಯ ದೋಣಿ ಕೊಂಡು, ಹೆಂಡತಿ, ನಾಲ್ಕು ಮಕ್ಕಳನ್ನ ಕರ್ಕೊಂಡು ಹೊರಟ. ಹಳ್ಳಿಯ ಹಟ್ಟಿಯಲ್ಲಿ ಸಿಗದ ವಿದ್ಯೆ ಮಕ್ಕಳಿಗೆ ಲೋಕದಲ್ಲಿ ಸಿಗಲಿ ಅನ್ನೋದು ಅವನ ಆಸೆ. ಮರುವರ್ಷ ಜೂನಿನಲ್ಲಿ ಗಲಪಗೋಸ್ ದ್ವೀಪಗಳ ಆಚೆ ಕೊಲೆಗಾರ ತಿಮಿಂಗಿಲಗಳು ಗುದ್ದಿದ ಏಟಿಗೆ ದೋಣಿ ನಿಮಿಷಗಳಲ್ಲಿ ಮುಳುಗಿತು. ದೊಡ್ಡ ಮಗಳು ದಾರಿಯಲ್ಲೇ ಇಳಿದುಕೊಂಡಿದ್ದಳು. ಉಳಿದ ಐವರು, ಜೊತೆಗೆ ಹತ್ತಿದ್ದ ಒಬ್ಬ ವಿದ್ಯಾರ್ಥಿ, ಒಟ್ಟು ಆರು ಜನ ಮೊದಲು ರಬ್ಬರ್ ತೆಪ್ಪದಲ್ಲಿ, ಆಮೇಲೆ ಒಂದು ಪುಟ್ಟ ದೋಣಿಯಲ್ಲಿ ಮಳೆನೀರು, ಆಮೆಯ ಮಾಂಸ, ಆಮೆಯ ರಕ್ತದ ಮೇಲೆ 38 ದಿನ ಬದುಕಿದರು. ಜಪಾನಿನ ಮೀನುಗಾರಿಕೆ ಹಡಗೊಂದು ಕಂಡು ಎತ್ತಿಕೊಂಡಿತು.

ಎಲ್ಲರೂ ಉಳಿದರಲ್ಲ, ಅದಕ್ಕೇ ಇದು ಸಾಹಸಗಾಥೆ. ಅವಳಿ ಹುಡುಗರಲ್ಲಿ ಒಬ್ಬ ಹೋಗಿಬಿಟ್ಟಿದ್ದರೆ ಅದೇ ಅಪ್ಪ ಪಾಪಿ ಆಗುತ್ತಿದ್ದ. ತೆಗೆದುಕೊಂಡ ನಿರ್ಧಾರ ಅದೇ, ಸಮುದ್ರ ಅದೇ. ಫಲ ನೋಡಿ ತೀರ್ಪು ಕೊಡೋದು ಎಷ್ಟು ಸರಿ? ಹಂಗಂತ ಅಪಾಯ ಇದೆ ಅನ್ನೋ ಒಂದೇ ಕಾರಣಕ್ಕೆ ತಪ್ಪು ಅನ್ನೋಕೂ ಬರಲ್ಲ. ನಮ್ಮೂರಿನ ಪಕ್ಕದ ಹೈವೇಯಲ್ಲಿ ಮಗುವನ್ನ ಬೈಕಿನ ಟ್ಯಾಂಕ್ ಮೇಲೆ ಕೂರಿಸಿಕೊಂಡು ಹೋಗುವ ಅಪ್ಪಂದಿರಿಗೆ ಯಾರೂ ನೀತಿಪಾಠ ಹೇಳೋದಿಲ್ಲ. ರೂಢಿಯಾದ ಅಪಾಯ ನಮಗೆ ಕಣ್ಣಿಗೇ ಬೀಳೋದಿಲ್ಲ.

2014ರಲ್ಲಿ ಅಮೆರಿಕದ ಇನ್ನೊಂದು ಕುಟುಂಬದ್ದು ದೊಡ್ಡ ಸುದ್ದಿ ಆಯಿತು. ಮೂರು ವರ್ಷದ್ದು ಒಂದು, ಒಂದು ವರ್ಷದ್ದು ಒಂದು, ಎರಡು ಹೆಣ್ಣುಮಕ್ಕಳು. 'ರೆಬೆಲ್ ಹಾರ್ಟ್' ಅನ್ನುವ ದೋಣಿಯಲ್ಲಿ ಮೆಕ್ಸಿಕೋ ದಡದಿಂದ ಸುಮಾರು 900 ಮೈಲಿ ದೂರ ಹೋದಾಗ ಸಣ್ಣ ಮಗುವಿಗೆ ಕಾಯಿಲೆ ಜೋರಾಯಿತು, ದೋಣಿಯೂ ಕೆಟ್ಟಿತು. ನಾಲ್ಕು ಜನ ರಕ್ಷಣಾ ಸಿಬ್ಬಂದಿ ವಿಮಾನದಿಂದ ಪ್ಯಾರಾಚೂಟಿನಲ್ಲಿ ಸಮುದ್ರಕ್ಕೆ ಹಾರಿದರು, ಆಮೇಲೆ ನೌಕಾಪಡೆಯ ಹಡಗು ಹೋಗಿ ಎಲ್ಲರನ್ನೂ ಕರೆತಂತು. ನಮ್ಮ ತೆರಿಗೆ ದುಡ್ಡಲ್ಲಿ ಇವರ ಶೋಕಿ ಯಾಕೆ ಅಂತ ಅಲ್ಲಿನ ಜನ ಬಾಯಿಗೆ ಬಂದಂತೆ ಬೈದರು. ಬೈಗುಳ ಪಕ್ಕಕ್ಕಿರಲಿ. ನನ್ನ ಮನಸ್ಸಲ್ಲಿ ನಿಂತದ್ದು ಆ ಪ್ಯಾರಾಚೂಟು. ಭೂಮಿಯ ಮೇಲೆ ಮನುಷ್ಯರೇ ಇಲ್ಲದ ಜಾಗದಲ್ಲೂ ಆ ಮಗುವಿನ ಬೆನ್ನಿಗೆ ಒಂದು ವ್ಯವಸ್ಥೆ ಇತ್ತು.

ಈ ಎರಡೂ ಕಥೆಗಳಲ್ಲಿ ಮಾತಾಡಿದವರು ದೊಡ್ಡವರು. ಮಗುವಾಗಿ ದೋಣಿ ಹತ್ತಿದವಳೇ ದೊಡ್ಡವಳಾಗಿ ಬರೆದದ್ದನ್ನ ಓದಬೇಕಾದರೆ ಸುಝಾನ್ ಹೇವುಡ್ ಹತ್ತಿರ ಹೋಗಬೇಕು. 2023ರಲ್ಲಿ ಆಕೆಯ 'ವೇವ್‌ವಾಕರ್' ಅನ್ನುವ ಆತ್ಮಕಥನ ಬಂತು. 1976ರಲ್ಲಿ, ಅವಳಿಗೆ ಏಳು ವರ್ಷ ಇದ್ದಾಗ, ಅಪ್ಪ ಕ್ಯಾಪ್ಟನ್ ಕುಕ್ ಹೋದ ದಾರಿಯಲ್ಲಿ ಮೂರು ವರ್ಷದ ಪ್ರಯಾಣ ಅಂತ ಹೊರಟ. ಅವರ ಮನೆತನದ ಹೆಸರೂ ಕುಕ್, ಅದೇ ಒಂದು ಹುರುಪು. ಮೂರು ವರ್ಷ ಅಂದದ್ದು ಸುಮಾರು ಹತ್ತು ವರ್ಷ ಆಯಿತು. ಹಿಂದೂ ಮಹಾಸಾಗರದಲ್ಲಿ ಒಂದು ದೈತ್ಯ ಅಲೆ ಹೊಡೆದು ಹುಡುಗಿಯ ತಲೆಬುರುಡೆ ಬಿರಿಯಿತು. ಹೇಗೋ ಒಂದು ಪುಟ್ಟ ಫ್ರೆಂಚ್ ದ್ವೀಪ ಮುಟ್ಟಿದರು, ಅಲ್ಲಿದ್ದ ಡಾಕ್ಟರು ಅರಿವಳಿಕೆ ಇಲ್ಲದೆ ಅವಳ ತಲೆಗೆ ಏಳು ಸಲ ಶಸ್ತ್ರಚಿಕಿತ್ಸೆ ಮಾಡಿದರು.

ಓದುವಾಗ ಇಷ್ಟಕ್ಕೇ ಮೈ ಜುಂ ಅನ್ನುತ್ತೆ. ಆದರೆ ಪುಸ್ತಕದ ದುಃಖ ಅಲೆಯದಲ್ಲ. ಹುಡುಗಿಗೆ ಶಾಲೆಗೆ ಹೋಗಬೇಕಿತ್ತು. ಗೆಳತಿಯರು ಬೇಕಿತ್ತು. ಒಂದು ಬಂದರಿನಲ್ಲಿ ಸ್ನೇಹ ಆಗುವಷ್ಟರಲ್ಲಿ ಲಂಗರು ಎತ್ತುತ್ತಿದ್ದರು. ಇಂಥ ಭಾಗ್ಯ ಯಾರಿಗುಂಟು ಅಂತ ದೊಡ್ಡವರು ಹೇಳುತ್ತಾ ಇದ್ದರೆ, ಅವಳು ಅಡುಗೆ, ಪಾತ್ರೆ ಕೆಲಸ ಮುಗಿಸಿ ಮೂಲೆಯಲ್ಲಿ ಕೂತು ಪಾಠ ಬರೆಯುತ್ತಿದ್ದಳು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಅಂಚೆ ಶಿಕ್ಷಣಕ್ಕೆ ಹೆಸರು ಹಚ್ಚಿಸಿಕೊಂಡು, ಬರೆದದ್ದನ್ನ ಸಿಕ್ಕ ಬಂದರಿನಿಂದ ಪೋಸ್ಟ್ ಮಾಡುತ್ತಾ ಓದಿದಳು. ಹದಿನಾರರ ಸುಮಾರಿಗೆ ನ್ಯೂಜಿಲೆಂಡಿನಲ್ಲಿ ಅವಳನ್ನೂ ತಮ್ಮನನ್ನೂ ಒಂದು ಮನೆಯಲ್ಲಿ ಬಿಟ್ಟು ಹೆತ್ತವರು ಮತ್ತೆ ಸಮುದ್ರಕ್ಕೆ ಹೋದರು. ಅಲ್ಲಿಂದಲೇ ಅರ್ಜಿ ಹಾಕಿ ಆಕ್ಸ್‌ಫರ್ಡ್ ಸೇರಿದಳು.

ದೋಣಿಯೇ ಅವಳನ್ನ ಗಟ್ಟಿ ಮಾಡಿತು, ನೋಡಿ ಆಕ್ಸ್‌ಫರ್ಡ್‌ಗೇ ಹೋದಳು ಅಂತ ವಾದ ಮಾಡುವವರು ಇದ್ದಾರೆ. ನನಗೆ ಆ ವಾದ ಹಿಡಿಸೋದಿಲ್ಲ. ಬಾವಿಗೆ ಬಿದ್ದು ಈಜು ಕಲಿತವನನ್ನ ತೋರಿಸಿ ಬಾವಿಗೆ ನೂಕುವುದು ಒಳ್ಳೇ ಶಿಕ್ಷಣ ಅಂದ ಹಾಗಾಯಿತು. ಅವಳನ್ನ ಮೇಲೆತ್ತಿದ್ದು ಅಂಚೆಯಲ್ಲಿ ಬರುತ್ತಿದ್ದ ಪಾಠ. ಎಲ್ಲೋ ದೂರದ ಸರ್ಕಾರಿ ಕಚೇರಿಯಲ್ಲಿ ಯಾರೋ ಒಬ್ಬ ಮೇಷ್ಟ್ರು, ಮುಖ ನೋಡದ ಹುಡುಗಿಯ ಉತ್ತರ ಪತ್ರಿಕೆ ತಿದ್ದಿ ವಾಪಸ್ ಕಳಿಸುತ್ತಿದ್ದ. ಆಸ್ಟ್ರೇಲಿಯಾದಲ್ಲಿ ಅದಕ್ಕೊಂದು ಪರಂಪರೆಯೇ ಇದೆ. ಅಲ್ಲಿನ ಒಳನಾಡಿನಲ್ಲಿ ದನ ಕುರಿ ಸಾಕುವ ಮನೆಗಳು ಒಂದಕ್ಕೊಂದು ನೂರಾರು ಕಿಲೋಮೀಟರ್ ದೂರ. ಆ ಮಕ್ಕಳಿಗೋಸ್ಕರ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ರೇಡಿಯೋ ಮೇಲೆ ಶಾಲೆ ಶುರು ಮಾಡಿದರು. ಕುರಿ ಸಾಕುವವರ ಮಕ್ಕಳಿಗೆ, ಗಮನಿಸಿ.

ನಮ್ಮ ಕುರಿಯವರ ಹತ್ತಿರ ವಾಪಸ್ ಬರ್ತೀನಿ. ಒಂದು ಸಂಕ್ರಾಂತಿಗೆ ಊರಿಗೆ ಹೋದಾಗ ಪಕ್ಕದ ಹೊಲದಲ್ಲಿ ಮಂದೆ ಇಳಿದಿತ್ತು. ಏಳು ವರ್ಷ ಇರಬಹುದಾದ ಒಬ್ಬ ಹುಡುಗ, ಸಂಜೆ ಮೇವಿನಿಂದ ಬಂದ ಕುರಿಗಳಿಗೆ ಬಲೆಯೊಳಗಿನ ಮರಿಗಳನ್ನ ಒಂದೊಂದಾಗಿ ಬಿಡುತ್ತಿದ್ದ. ಯಾವ ಮರಿಗೆ ಯಾವ ತಾಯಿ ಅಂತ ನನ್ನ ಕಣ್ಣಿಗೆ ಎಲ್ಲವೂ ಒಂದೇ. ಅವನು ತಪ್ಪಲಿಲ್ಲ. ನಾನು ಕೆಲಸದಲ್ಲಿ ದಿನಾ ಮಾಡೋದು ಇದನ್ನೇ, ಒಂದು ಪಟ್ಟಿಯ ದಾಖಲೆಗೆ ಇನ್ನೊಂದು ಪಟ್ಟಿಯ ದಾಖಲೆ ಹೊಂದಿಸೋದು. ತಪ್ಪಾಗದೇ ಇರೋ ದಿನ ಕಮ್ಮಿ.

ಅವನ ತಾಯಿಯನ್ನ ಕೇಳಿದೆ, ಸ್ಕೂಲಿಗೆ ಹಾಕಿಲ್ವೇನಮ್ಮ ಅಂತ.

"ಹಾಕೀನಲ್ಲಪ್ಪ. ಹೆಸ್ರು ಐತೆ ಅಲ್ಲಿ. ಹುಡ್ಗ ಇಲ್ಲೈತೆ, ಅಷ್ಟೇಯ."

ದೊಡ್ಡ ಮಗಳು ಊರಲ್ಲಿ ಅಜ್ಜಿ ತಾವ ಇದಾಳಂತೆ, ಐದನೇ ಕ್ಲಾಸು. ಇವನಿಗೂ ಬಿಟ್ಟು ಬರೋ ಯೋಚನೆ ಇತ್ತು, ಅಜ್ಜಿಗೆ ಇಬ್ಬರನ್ನ ನೋಡಿಕೊಳ್ಳೋಕೆ ಆಗಲ್ಲ. ಮೊಬೈಲಿನಲ್ಲಿ ಹುಡುಗನಿಗೆ ದೋಣಿ ವಿಡಿಯೋ ತೋರಿಸಿದೆ. ಬಿಳೀ ಹಾಯಿ, ನೀಲಿ ನೀರು, ಅವನ ವಾರಿಗೆಯ ಒಂದು ಹುಡುಗಿ ಹಗ್ಗ ಎಳೆಯುತ್ತಿದ್ದಾಳೆ. ಬಹಳ ಹೊತ್ತು ನೋಡಿ, "ಇವ್ರ ಕುರಿ ಎಲ್ಲವೆ?" ಅಂತ ಕೇಳಿದ. ಕೆಲಸ ಇಲ್ಲದೆ ಊರೂರು ಸುತ್ತುವವರು ಇರ್ತಾರೆ ಅನ್ನೋದು ಅವನ ಲೆಕ್ಕದಲ್ಲೇ ಇರಲಿಲ್ಲ.

ತಾಯಿಗೆ ಮಗ ಇದರಲ್ಲೇ ಇರಲಿ ಅಂತ ಆಸೆ ಏನಿಲ್ಲ. "ಮೇಯ್ಸೋಕೆ ಜಾಗ ಎಲ್ಲೈತೆ ಇನ್ಮೇಲೆ?" ಅಂದಳು. ಮಾತು ನಿಜ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ಆ ಸೀಮೆಯ ಕುರಿ ದನಗಳ ಹುಲ್ಲುಗಾವಲಾಗಿದ್ದವು. ಅದರಲ್ಲಿ ಸಾವಿರಾರು ಎಕರೆ ಡಿಆರ್‌ಡಿಒ, ಇಸ್ರೋ, ಬಾರ್ಕ್‌ಗೆ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಗೇ ಕುದಾಪುರದ ಹತ್ತಿರ 1500 ಎಕರೆ. ಇವೆಲ್ಲ ವಿದ್ಯೆಯ ಮನೆಗಳು, ದೇಶಕ್ಕೆ ಬೇಕಾದವು, ನಾನು ಇಂಜಿನಿಯರು, ಬೇಡ ಅನ್ನಲಾರೆ. ಆದರೆ ಅವಕ್ಕೆ ಬೇಲಿ ಬಿದ್ದಾಗ ಹುಲ್ಲಿನ ವಿದ್ಯೆ ಬಲ್ಲ ಮಕ್ಕಳಿಗೆ ಆ ವಿದ್ಯೆಯನ್ನ ಬಳಸುವ ನೆಲ ಕಮ್ಮಿಯಾಯಿತು. ಹಾಗಾಗಿ "ಕುರಿ ಹಿಂದೆ ಹೋಗೋದೂ ಶಿಕ್ಷಣವೇ" ಅಂತ ಬೆಂಗಳೂರಿನಲ್ಲಿ ಕೂತು ನಾನು ಕವಿತೆ ಹೇಳಿದರೆ ಆ ತಾಯಿ ನನ್ನ ಮುಖಕ್ಕೆ ಉಗಿಯಬೇಕು.

ಹಾಗಾದರೆ ಅಲೆದಾಟ ಬಿಡಿಸಿ ಹಾಸ್ಟೆಲಿಗೆ ಹಾಕಿಬಿಟ್ಟರೆ ಪ್ರಶ್ನೆ ಮುಗೀತಾ? ನಮ್ಮ ಕಡೆ ಕಂಡುಕೊಂಡ ಉತ್ತರ ಅದೇ. ಸಿರಿಗೆರೆ ಮಠದ ಹೆಸರಲ್ಲೇ ಮಗು ಇದೆ. ತರಳ ಅಂದರೆ ಮಗು, ಮರುಳಸಿದ್ಧರು ಶಿಷ್ಯನಿಗೆ 'ತರಳಾ, ಬಾಳು' ಅಂತ ಹರಸಿದ್ದೇ ಹೆಸರಾಗಿ ನಿಂತಿತು ಅಂತ ಹೇಳ್ತಾರೆ. ಹಿಂದಿನ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಹಳ್ಳಿ ಹಳ್ಳಿಗೆ ಶಾಲೆ ಕಟ್ಟಿಸಿ, ಉಚಿತ ಪ್ರಸಾದ ನಿಲಯಗಳನ್ನ ನಡೆಸಿ, 1962ರಲ್ಲಿ ವಿದ್ಯಾಸಂಸ್ಥೆ ಮಾಡಿದ್ದರಿಂದ ಅಪ್ಪ ಹೆಬ್ಬೆಟ್ಟು, ಮಗ ಇಂಜಿನಿಯರು ಅನ್ನುವ ಮನೆಗಳು ಈ ಸೀಮೆಯಲ್ಲಿ ನೂರಾರು. ಇಲ್ಲಿ ವಿದ್ಯೆ ಅಂದರೆ ಮಗು ಮನೆ ಬಿಡೋದು. ಟ್ರಂಕು, ತಟ್ಟೆ, ಹಾಸಿಗೆ ಸುರುಳಿ. ದೋಣಿಯವರ ಮಾತಿಗೆ ಪೂರಾ ಉಲ್ಟಾ. ಅವರು ಕಲಿಸೋಕೆ ಅಂತ ಮಗುವನ್ನ ಮಗ್ಗುಲಲ್ಲಿ ಇಟ್ಟುಕೊಳ್ಳುತ್ತಾರೆ, ನಾವು ಕಲಿಸೋಕೆ ಅಂತ ಮಗ್ಗುಲಿಂದ ಕಳಿಸ್ತೀವಿ. ಎರಡರಲ್ಲೂ ಮಗುವನ್ನ ಯಾರೂ ಕೇಳಿರೋದಿಲ್ಲ.

ನಾನೂ ಹಾಸ್ಟೆಲ್ ಅನ್ನ ಉಂಡವನೇ. ಯಾವ ಹಾಸ್ಟೆಲಿನಲ್ಲಾದರೂ ಮೊದಲ ತಿಂಗಳು ಒಬ್ಬ ಓಡಿಹೋಗೋ ಹುಡುಗ ಇರ್ತಾನೆ. ಭಾನುವಾರ ಮಧ್ಯಾಹ್ನ ಎಲ್ಲರೂ ಬಟ್ಟೆ ಒಗೆಯುವಾಗ ಇವನು ನಾಪತ್ತೆ. ವಾರ್ಡನ್ನಿಗೆ ಗಾಬರಿ. ಸೋಮವಾರ ಅಪ್ಪ ಅವನನ್ನ ಬಸ್ಸಿನಲ್ಲಿ ಕರ್ಕೊಂಡು ಬರ್ತಾನೆ, ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ರೊಟ್ಟಿ ಗಂಟು. ಎರಡು ಸಲ ಹೀಗಾಗುತ್ತೆ. ಮೂರನೇ ಸಲ ಒಂದೋ ಅಪ್ಪ ಅವನನ್ನ ಊರಲ್ಲೇ ಉಳಿಸಿಕೊಳ್ತಾನೆ, ಇಲ್ಲ ಹುಡುಗನೇ ಹೊಂದಿಕೊಳ್ತಾನೆ. ಆಗ ನಾವೆಲ್ಲ ಅವನನ್ನ ಆಡಿಕೊಂಡು ನಗುತ್ತಿದ್ದೆವು. ಈಗ ನನ್ನ ಕಣ್ಣಿಗೆ ಅವನು ಕಾಣೋದು ಬೇರೆ ಥರ. ಮಗುವಿಗೆ ವೋಟು ಇಲ್ಲ, ಕೋರ್ಟಿಗೆ ಹೋಗೋಕಾಗಲ್ಲ, ತರ್ಕ ಮಾಡೋಕೆ ಭಾಷೆ ಸಾಲಲ್ಲ. ಓಡಿಹೋಗೋದೊಂದೇ ಅದು "ಒಲ್ಲೆ" ಅಂತ ಹೇಳುವ ರೀತಿ. ಅದನ್ನ ಹೇಳೋಕಾದ್ರೂ ಓಡಿಹೋಗೋಕೆ ಒಂದು ಜಾಗ ಬೇಕು, ಆ ತುದಿಯಲ್ಲಿ ಬಾಗಿಲು ತೆಗೆಯೋಕೆ ಯಾರಾದರೂ ಇರಬೇಕು.

ದೋಣಿಯಿಂದ ಓಡಿಹೋಗೋಕಾಗಲ್ಲ. ಸುತ್ತ ನೀರು. ಸುಝಾನ್‌ಗೆ ಹತ್ತು ವರ್ಷ ಆಗದೇ ಇದ್ದದ್ದು ಅದೇ. ಕುರಿ ಮಂದೆಯಿಂದಲೂ ಓಡಿಹೋಗೋಕಾಗಲ್ಲ. ಸುತ್ತ ನೆಲವೇ ಇದೆ, ಆದರೆ ಆ ನೆಲದ ಯಾವ ಶಾಲೆಯಲ್ಲೂ ಅವನಿಗೊಂದು ಮಣೆ ಇಲ್ಲ.

ಇದನ್ನ ನನಗಿಂತ ಚೆನ್ನಾಗಿ ಯೋಚಿಸಿದವರು ಇದ್ದಾರೆ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಆಮಿಶ್ ಅನ್ನುವ ಪಂಥದವರ ಮೊಕದ್ದಮೆ ಬಂತು. ಕರೆಂಟು, ಕಾರು ಬಳಸದ ಬೇಸಾಯಗಾರರು ಅವರು. ಎಂಟನೇ ಕ್ಲಾಸು ಸಾಕು, ಆಮೇಲೆ ಮಕ್ಕಳು ನಮ್ಮ ಜೊತೆ ಹೊಲದಲ್ಲಿ ಕಲಿಯಲಿ ಅಂತ ಕೇಳಿದರು. ಕೋರ್ಟು ಒಪ್ಪಿತು. ಡಗ್ಲಸ್ ಅನ್ನುವ ನ್ಯಾಯಮೂರ್ತಿ ಮಾತ್ರ, ಎಲ್ಲ ಸರಿ, ಆ ಮಕ್ಕಳನ್ನ ಕೇಳಿದಿರಾ ಅಂತ ತಕರಾರು ಬರೆದಿಟ್ಟರು. 1980ರಲ್ಲಿ ಜೋಯೆಲ್ ಫೈನ್‌ಬರ್ಗ್ ಅನ್ನುವ ತತ್ವಶಾಸ್ತ್ರಜ್ಞ ಈ ವಿಚಾರಕ್ಕೊಂದು ಹೆಸರು ಕೊಟ್ಟ. ಮಗುವಿಗೆ ಕೆಲವು ಹಕ್ಕುಗಳಿರುತ್ತವೆ, ಅವನ್ನ ಚಲಾಯಿಸೋ ವಯಸ್ಸು ಬರೋವರೆಗೆ ದೊಡ್ಡವರು ಅವನ್ನ ಕಾಪಿಡಬೇಕು, ಮುಂದಿನ ದಾರಿಗಳನ್ನ ಈಗಲೇ ಮುಚ್ಚಿಬಿಡಬಾರದು. ಅದನ್ನ ಅವನು ತೆರೆದ ಭವಿಷ್ಯದ ಹಕ್ಕು ಅಂತ ಕರೆದ.

ಫೈನ್‌ಬರ್ಗನ ಮಾತು ನನಗೆ ಒಪ್ಪಿಗೆ. ಆದರೆ ಅವನು ಒಟ್ಟಾರೆ ನೋಡುತ್ತಿದ್ದದ್ದು ಅಪ್ಪ ಅಮ್ಮನ ಕಡೆ, ಅವರ ಮೇಲೆ ಕಣ್ಣಿಡುವ ಸರ್ಕಾರದ ಕಡೆ. ಹೆತ್ತವರು ಬಾಗಿಲು ಮುಚ್ಚಬಾರದು, ಸರಿ. ಆದರೆ ಆ ಬಾಗಿಲಿನ ಚಿಲಕ ಎಷ್ಟೋ ಸಲ ಹೊರಗಡೆಯಿಂದ ಇರುತ್ತೆ. ದೋಣಿಯ ಮಗು ಹತ್ತು ವರ್ಷ ಸುತ್ತಿ ಬಂದರೂ ಅಂಚೆ ಶಾಲೆ, ವಿಶ್ವವಿದ್ಯಾಲಯ, ಕೊನೆಗೆ ಪ್ಯಾರಾಚೂಟು ಅದಕ್ಕೋಸ್ಕರ ಕಾದಿರುತ್ತವೆ. ಕುರಿಯ ಮಗು ಎಂಟು ತಿಂಗಳು ಸುತ್ತಿ ಬಂದರೆ ಅದರ ಹೆಸರಿನ ಮುಂದೆ ಗೀಟು. ಹಾಗಾಗಿ ಮಕ್ಕಳನ್ನ ಕರ್ಕೊಂಡು ಅಲೆಯೋದು ತಪ್ಪಾ ಸರಿಯಾ ಅನ್ನೋದನ್ನ ಅಲೆಯುವ ಅಪ್ಪ ಅಮ್ಮನೊಬ್ಬರನ್ನೇ ಕಟಕಟೆಗೆ ನಿಲ್ಲಿಸಿ ತೀರ್ಮಾನ ಮಾಡೋಕಾಗಲ್ಲ ಅಂತ ನನ್ನ ವಾದ. ಒಂದೇ ಊರಲ್ಲಿ ಕೂತು ಹಾಜರಿ ಪುಸ್ತಕ ಹಿಡಿದಿರುವ ನಾವೂ ಅದರಲ್ಲಿ ಪಾಲುದಾರರು.

ಹಾಜರಿ ಪುಸ್ತಕದ ವಿಷಯಕ್ಕೆ ಬಂದೆ ಅಂದ ಮೇಲೆ ಅದನ್ನೂ ಹೇಳಿಬಿಡ್ತೀನಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರವರೆಗಿನ ಎಲ್ಲ ಮಕ್ಕಳಿಗೂ ಅನ್ವಯ. ಯಾವ ಮಗುವೂ ಇನ್ನೊಂದು ಶಾಲೆಗೆ ಹೋಗಿ ಸೇರಬಹುದು, ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೇ ಇರುವಂತಿಲ್ಲ. ಕರ್ನಾಟಕದಲ್ಲಿ ಏಳು ದಿನ ಸತತವಾಗಿ ಗೈರಾದ ಮಗುವನ್ನ ಶಾಲೆ ಬಿಟ್ಟ ಮಗು ಅಂತ ಗುರುತಿಸಬೇಕು, ಮೊದಲು ಇದು 60 ದಿನ ಇತ್ತು. ಬೇಗ ಗೊತ್ತಾದರೆ ಬೇಗ ಹುಡುಕಬಹುದು ಅನ್ನೋ ಕಾಳಜಿಯಿಂದಲೇ ಬಂದ ನಿಯಮ. ಕಬ್ಬು ಕಡಿಯೋಕೆ, ಕಟ್ಟಡದ ಕೆಲಸಕ್ಕೆ ಗುಳೆ ಹೋದವರ ಮಕ್ಕಳಿಗೆ ಟೆಂಟ್ ಶಾಲೆಗಳೂ ಇದ್ದವು. ಕಬ್ಬಿನ ಫಡದವರು, ಕಟ್ಟಡದವರು ಒಂದು ಕಡೆ ಎರಡು ಮೂರು ತಿಂಗಳಾದರೂ ನಿಲ್ತಾರೆ. ಮೂರು ರಾತ್ರಿಗೆ ಒಂದು ಹೊಲ ಬದಲಾಯಿಸುವವರಿಗೆ ಎಲ್ಲಿ ಟೆಂಟು ಹಾಕೋದು? ಯಾವ ಶಾಲೆಗೆ ವರ್ಗಾವಣೆ? ನಾಲ್ಕು ತಿಂಗಳಲ್ಲಿ ನಲವತ್ತು ಟಿಸಿ ತಗೋಬೇಕಾಗುತ್ತೆ. ಏಳು ದಿನದ ನಿಯಮದಲ್ಲಿ ಆ ಹುಡುಗ ವರ್ಷಕ್ಕೆ ಒಂದು ಸಲ, ಸುಗ್ಗಿ ಮುಗಿದ ಎರಡನೇ ವಾರದಲ್ಲಿ, ತಪ್ಪದೇ ಶಾಲೆ ಬಿಡ್ತಾನೆ.

ನನ್ನ ಕಸುಬಿನ ಕಣ್ಣಲ್ಲಿ ನೋಡಿದರೆ ಇದು ಅಂಥಾ ಬ್ರಹ್ಮವಿದ್ಯೆ ಅಲ್ಲ. ನಮ್ಮ ರಾಜ್ಯದಲ್ಲಿ ಪ್ರತಿ ಶಾಲಾ ಮಗುವಿಗೂ ಸ್ಯಾಟ್ಸ್ ಅಂತ ಒಂದು ತಂತ್ರಾಂಶದಲ್ಲಿ ನಂಬರ್ ಇದೆ. ರೇಷನ್ ಕಾರ್ಡ್ ಇದ್ದವರು ಈಗ ತಮ್ಮೂರಿನ ಸೊಸೈಟಿಗೇ ಹೋಗಬೇಕಂತಿಲ್ಲ, ಬೇರೆ ಊರಿನ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಅಕ್ಕಿ ತಗೋಬಹುದು. ಆ ಹುಡುಗನ ತಾಯಿಗೆ ಅದು ಗೊತ್ತಿತ್ತು. ಅಕ್ಕಿಯನ್ನ ಬೇರೆ ಊರಲ್ಲಿ ಪಡೆಯುವ ಹಾಗೆ ಒಂದು ದಿನದ ಪಾಠವನ್ನ ಬೇರೆ ಊರಲ್ಲಿ ಪಡೆಯೋಕೆ ಯಾಕೆ ಆಗಬಾರದು? ಸೇರ್ಪಡೆ ಒಂದೇ ಶಾಲೆಯಲ್ಲಿರಲಿ, ಹಾಜರಿ ದಾರಿಯಲ್ಲಿ ಸಿಕ್ಕ ಯಾವ ಸರ್ಕಾರಿ ಶಾಲೆಯಲ್ಲಾದರೂ ಬೀಳಲಿ. ಮಹಾರಾಷ್ಟ್ರದಲ್ಲಿ ಗುಳೆ ಹೋಗುವ ಮಕ್ಕಳಿಗೆ ಶಿಕ್ಷಣ ಹಮಿ ಕಾರ್ಡ್ ಅಂತ ಕೊಡುವ ಕ್ರಮ ಇದೆ, ಹೋದ ಊರಿನ ಶಾಲೆ ಅದನ್ನ ನೋಡಿ ಕೂರಿಸಿಕೊಳ್ಳಬೇಕು. ನಾನು ಹೇಳ್ತಿರೋದು ಅದಕ್ಕಿಂತ ಒಂದು ಹೆಜ್ಜೆ ಮುಂದೆ, ಅಷ್ಟೇ. ಮೂರು ದಿನ ಬಂದು ಕೂತು ಹೋದ ಹುಡುಗ ಏನು ಕಲಿತಾನು ಅಂತ ಕೇಳುವವರಿಗೆ ಉತ್ತರ ಇದೆ. ಒಂದು ಕಡೆ ಮಗ್ಗಿ, ಇನ್ನೊಂದು ಕಡೆ ಒಂದು ಪದ್ಯ, ಮತ್ತೊಂದು ಕಡೆ ಬರೀ ಹುಡುಗರ ಜೊತೆ ಆಟ. ಮುಖ್ಯ ಅಂದರೆ ದಾರಿಯುದ್ದಕ್ಕೂ ಅವನಿಗೆ ಹೋಗಿ ಕೂರಬಹುದಾದ ಬಾಗಿಲುಗಳು ಇರ್ತವೆ. ಕುರಿ ಬೇಡ ಅನ್ನಿಸಿದ ದಿನ ಎಲ್ಲಿಗೆ ಹೋಗಬೇಕು ಅಂತ ಅವನಿಗೆ ಗೊತ್ತಿರುತ್ತೆ. ಶಾಲೆ ಬೇಡ, ಕುರಿಯೇ ಬೇಕು ಅನ್ನಿಸಿದರೆ ಅದೂ ಅವನದೇ ಆಯ್ಕೆ ಆಗುತ್ತೆ. ಈಗ ಅದು ಆಯ್ಕೆ ಅಲ್ಲ.

ದೋಣಿಯವರ ಬಗ್ಗೆ ನನ್ನ ತೀರ್ಪು ಏನು ಅಂತ ಕೇಳಿದರೆ, ಹೋಗಲಿ, ತಕರಾರಿಲ್ಲ. ನನ್ನ ಷರತ್ತು ಒಂದೇ. ಮೂರು ವರ್ಷ ಅಂದದ್ದು ಮೂರು ವರ್ಷಕ್ಕೆ ನಿಲ್ಲಬೇಕು, ಇಲ್ಲಾಂದ್ರೆ ಪ್ರತಿ ಬಂದರಿನಲ್ಲೂ ಮಗುವನ್ನ ಮತ್ತೆ ಕೇಳಬೇಕು, ಒಲ್ಲೆ ಅಂದರೆ ಇಳಿಸೋಕೆ ಒಂದು ದೊಡ್ಡಮ್ಮನ ಮನೆ ಇರಬೇಕು. ದೊಡ್ಡಮ್ಮನ ಮನೆ ಇಲ್ಲದವರು ಮಕ್ಕಳು ದೊಡ್ಡವರಾಗೋವರೆಗೆ ಕಾಯಲಿ. ಆಫೀಸಿನಲ್ಲಿ ಹೀಗಂದಾಗ ಒಬ್ಬ ಗೆಳೆಯ, ನಿನ್ನನ್ನ ಹಾಸ್ಟೆಲಿಗೆ ಹಾಕುವಾಗ ನಿಮ್ಮಪ್ಪ ಈ ಷರತ್ತು ಪಾಲಿಸಿದ್ದರಾ ಅಂತ ಕೇಳಿದ. ಕೇಳಲಿಲ್ಲ, ಆದರೆ ಮನೆ ಹನ್ನೆರಡು ಕಿಲೋಮೀಟರ್ ದೂರದಲ್ಲಿತ್ತು, ದಾರಿ ನನಗೆ ಗೊತ್ತಿತ್ತು.

ನಮ್ಮೂರ ಕಡೆಯ ಪ್ರೈಮರಿ ಶಾಲೆಯ ಮೇಷ್ಟ್ರೊಬ್ಬರ ಹತ್ತಿರ ಈ ವಿಷಯ ತೆಗೆದೆ. ಕುರಿಯವರ ಮಕ್ಕಳು ಬಂದರೆ ಮೂರು ದಿನ ಕೂರಿಸ್ಕೊಳ್ಳೋಕಾಗುತ್ತಾ ಸಾರ್ ಅಂದೆ. ನಕ್ಕರು. "ಕೂರಿಸ್ಕೊಳ್ಳೋದೇನು ದೊಡ್ಡದು? ಹೆಸರು ಎಲ್ಲಿ ಬರೀಲಿ? ಬಿಸಿಯೂಟದ ಲೆಕ್ಕಕ್ಕೆ ಏನು ತೋರಿಸ್ಲಿ? ಹಾವು ಗೀವು ಕಚ್ಚಿದ್ರೆ ಯಾರ ಜವಾಬ್ದಾರಿ?" ಮೂರೂ ನ್ಯಾಯವಾದ ಪ್ರಶ್ನೆಗಳೇ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು, ಹೋದ ವರ್ಷ ಒಬ್ಬ ಹುಡುಗ ಕಾಂಪೌಂಡ್ ಮೇಲೆ ಕೂತು ಎರಡನೇ ಕ್ಲಾಸಿನ ಪಾಠ ಕೇಳ್ತಿದ್ದನಂತೆ. ಒಳಗೆ ಕರೆದು ಕೂರಿಸಿದರಂತೆ. ನಾಲ್ಕು ದಿನ ಬಂದ, ಐದನೇ ದಿನ ಹೊಲದಲ್ಲಿ ಬಲೆ ಕಿತ್ತಿದ್ದರು.

"ಊಟ?" ಅಂದೆ.

"ಒಂದು ತಟ್ಟೆ ಜಾಸ್ತಿ ಹಾಕಿಸಿದೆ. ಎಲ್ಲೂ ಬರೆದಿಲ್ಲ."